ನೆಲದೊಳಗೆ ಇಳಿದ ಚಿಮಣಿ

ತಕ್ಕಡಿಯವರಿಗೆ ತ್ರಿಕೋನಮಿತಿ ಬರುತ್ತದೆ ಎಂಬ ಸಂಗತಿ ಬೀದಿಗೆ ಗೊತ್ತಾದದ್ದು ಒಂದು ಶನಿವಾರ ಬೆಳಿಗ್ಗೆ, ಅವರು ಬನ್ನು ತರಲು ಬೇಕರಿಗೆ ಹೋಗಿದ್ದಾಗ. ಅದಕ್ಕೆ ಮೊದಲು ಆ ಸಂಗತಿ ಅವರಿಗೂ ಅಷ್ಟಾಗಿ ಗೊತ್ತಿರಲಿಲ್ಲ.

ಅವರು ಪಾರ್ಸೆಲ್ ಕಚೇರಿಯಲ್ಲಿ ತೂಕದ ಯಂತ್ರದ ಹಿಂದೆ ಕೂರುವ ಗುಮಾಸ್ತರು. ವರ್ಷಗಟ್ಟಲೆ ಊರಿನವರ ಗಂಟುಮೂಟೆ ತೂಗಿ ತೂಗಿ ‘ತಕ್ಕಡಿಯವರು’ ಎಂಬುದೇ ಹೆಸರಾಗಿ ನಿಂತಿತ್ತು. ಅವರ ಬಾಯಲ್ಲಿ ಹೊರಡದ ಮಾತೆಂದರೆ ‘ಗೊತ್ತಿಲ್ಲ’ ಎಂಬುದೊಂದೇ. ಯಾರಾದರೂ ದಾರಿ ಕೇಳಿದರೆ ಹೇಳಿಯೇ ಹೇಳುತ್ತಿದ್ದರು. ಅದು ತಪ್ಪು ದಾರಿಯಾಗಿದ್ದರೂ ಕೇಳಿದವರ ಚೀಲ ಹೊತ್ತು ಅರ್ಧ ದೂರ ಜೊತೆಗೆ ನಡೆದು ಬಿಟ್ಟು ಬರುತ್ತಿದ್ದರು. ಹೀಗಾಗಿ ಎಲ್ಲೆಲ್ಲೋ ಹೋಗಿ ಸೇರಿದವರಿಗೂ ಅವರ ಮೇಲೆ ಸಿಟ್ಟು ಬರುತ್ತಿರಲಿಲ್ಲ.

ಆ ಬೆಳಿಗ್ಗೆ ಬೇಕರಿಯ ಮುಂದೆ ಜನ ಸೇರಿತ್ತು. ನಗರಸಭೆಯ ಇನ್ಸ್‌ಪೆಕ್ಟರು ಬಂದಿದ್ದರು. ಬೇಕರಿ ಅಕ್ಕ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಅವರ ಮುಂದೆ ನಿಂತಿದ್ದಳು. ಹೊಸ ನಿಯಮದ ಪ್ರಕಾರ ಭಟ್ಟಿಯ ಚಿಮಣಿ ನಲವತ್ತೈದು ಅಡಿಗಿಂತ ಎತ್ತರ ಇರಬೇಕು. ಇಲ್ಲದಿದ್ದರೆ ಭಟ್ಟಿಗೆ ಬೀಗ, ಬೀಗಕ್ಕೆ ಅರಗಿನ ಸೀಲು. ಅಕ್ಕನ ಚಿಮಣಿ ಎಷ್ಟು ಎತ್ತರವೋ ಅಕ್ಕನಿಗೆ ಗೊತ್ತಿಲ್ಲ. ಅದನ್ನು ಕಟ್ಟಿಸಿದ್ದು ಅವಳ ಮಾವ, ಹತ್ತಿ ಮಸಿ ತೆಗೆಯುತ್ತಿದ್ದದ್ದು ಗಂಡ. ಈಗ ಇಬ್ಬರೂ ಇಲ್ಲ.

ಆ ಭಟ್ಟಿ ಬರೀ ಅಕ್ಕನದಾಗಿರಲಿಲ್ಲ. ಅದರ ಹಿಂದಿನ ಗೋಡೆ ಪಕ್ಕದ ಓಣಿಗೆ ಬೆನ್ನು ಕೊಟ್ಟು ನಿಂತಿತ್ತು. ಬೆಳಗಿನ ಬ್ರೆಡ್ಡು ಇಳಿದ ಮೇಲೂ ಸಂಜೆಯವರೆಗೆ ಗೋಡೆ ಬಿಸಿಯಾಗಿರುತ್ತಿತ್ತು. ಮೋಡದ ದಿನಗಳಲ್ಲಿ ಇಡೀ ಬೀದಿಯ ಒದ್ದೆ ಬಟ್ಟೆ ಅಲ್ಲೇ ಒಣಗುವುದು. ಮೂಲೆಮನೆ ಅಜ್ಜಿ ಮಂಡಿನೋವು ಹೆಚ್ಚಾದಾಗ ಆ ಗೋಡೆಗೆ ಕಾಲು ತಾಗಿಸಿ ಕೂರುತ್ತಿದ್ದರು. ಅಜ್ಜಿ ನೆಲದ ಮೇಲೆ ಕೂರುವುದನ್ನು ಒಮ್ಮೆ ನೋಡಿದ ಅಕ್ಕ ಮರುದಿನವೇ ಅಲ್ಲಿ ಒಂದು ಹಲಗೆ ಹಾಕಿಸಿದ್ದಳು. ಹಾಕಿಸಿದ್ದು ತಾನೆಂದು ಹೇಳಿರಲಿಲ್ಲ. ಅಜ್ಜಿಗೂ ಗೊತ್ತಿತ್ತು, ಅವರೂ ಹೇಳಿರಲಿಲ್ಲ.

ಇನ್ಸ್‌ಪೆಕ್ಟರು ಕೆಟ್ಟವರೇನಲ್ಲ. ದಿನವೂ ಅದೇ ಅಂಗಡಿಯ ರಸ್ಕು ತಿನ್ನುವವರು. ನಿಯಮ ಕಂಡರೆ ಮಾತ್ರ ಅವರಿಗೆ ಕೈಕಾಲು ಆಡುತ್ತಿರಲಿಲ್ಲ. ಅಳತೆಯವನು ರಜೆಯ ಮೇಲೆ ಹೋಗಿದ್ದಾನೆ, ಏಣಿ ಅವನ ಕೋಣೆಯಲ್ಲಿದೆ, ಕೋಣೆಯ ಬೀಗದ ಕೈ ಅವನ ಊರಿನಲ್ಲಿದೆ, ಅವನು ಬರುವವರೆಗೆ ಭಟ್ಟಿ ಮುಚ್ಚಲೇಬೇಕು ಎಂದು ತಲೆ ತಗ್ಗಿಸಿ ಹೇಳಿದರು. ಓದಿದವರು ಯಾರಾದರೂ ಅಳೆದು, ಬರೆದು, ಸಹಿ ಹಾಕಿ ಕೊಟ್ಟರೆ ಸಂಜೆಯವರೆಗೆ ಕಾಯಬಹುದು; ಆದರೆ ಚಿಮಣಿ ಮಾತ್ರ ಯಾರೂ ಹತ್ತಕೂಡದು, ಬಿದ್ದರೆ ತಮ್ಮ ತಲೆಗೆ ಬರುತ್ತದೆ ಎಂದರು.

ಆಗ ಸಾಲಿನ ಹಿಂದಿನಿಂದ ದನಿ ಬಂತು.

“ಹತ್ತೋದ್ಯಾಕೆ? ಕೆಳಗೆ ನಿಂತೇ ಹೇಳ್ಬಹುದು. ಉನ್ನತ ಕೋನ ನೋಡಿದ್ರೆ ಸಾಕು.”

ಉನ್ನತ ಕೋನ ಎಂದರೇನೆಂದು ಅಲ್ಲಿ ಯಾರಿಗೂ ತಿಳಿಯಲಿಲ್ಲ. ತಿಳಿಯದ್ದರಿಂದ ಎಲ್ಲರಿಗೂ ಗೌರವ ಹುಟ್ಟಿತು. ಸಾಲು ತಾನಾಗಿ ಬಿರಿದು ತಕ್ಕಡಿಯವರಿಗೆ ದಾರಿ ಬಿಟ್ಟಿತು. ಅಕ್ಕ ಅವರನ್ನು ನೋಡಿದ ನೋಟ ಹೇಗಿತ್ತೆಂದರೆ, ಆಮೇಲೆ ‘ತಮಾಷೆಗೆ ಅಂದೆ’ ಎನ್ನುವ ಹಾಗೇ ಇರಲಿಲ್ಲ.

ಮನೆಯಲ್ಲಿ ಸಲಕರಣೆ ತಯಾರಾಯಿತು. ಮಗಳು ಶಾಲೆಗೆ ಹೋಗುವಾಗ ಜಾಮೆಟ್ರಿ ಬಾಕ್ಸನ್ನೂ ಲೆಕ್ಕದ ಪುಸ್ತಕವನ್ನೂ ಬಿಟ್ಟು ಹೋಗಿದ್ದಳು. ಅರ್ಧಚಂದ್ರದಂಥ ಕೋನಮಾಪಕದ ನೇರ ಅಂಚಿಗೆ ಜ್ಯೂಸು ಕುಡಿಯುವ ಸ್ಟ್ರಾ ಅಂಟಿಸಿ, ನಡುವೆ ದಾರ ಇಳಿಬಿಟ್ಟು, ದಾರದ ತುದಿಗೆ ಭಾರಕ್ಕೆಂದು ಬೀರುವಿನ ಬೀಗದ ಕೈ ಕಟ್ಟಿದರು. ಸ್ಟ್ರಾದಲ್ಲಿ ಚಿಮಣಿಯ ತುದಿ ನೋಡಿದರೆ ದಾರ ಕೋನವನ್ನು ತೋರಿಸುತ್ತದೆ. ಪುಸ್ತಕದ ಕೊನೆಯ ಪುಟದಲ್ಲಿ ಆ ಕೋನದ ಟ್ಯಾನ್ ಬೆಲೆ ಇದೆ. ಅದನ್ನು ಚಿಮಣಿಯ ಬುಡಕ್ಕೂ ನಮಗೂ ಇರುವ ದೂರದಿಂದ ಗುಣಿಸಿದರೆ ಎತ್ತರ ಕೈಗೆ ಬಂತು. ಇಷ್ಟನ್ನೂ ಅವರು ಹೆಂಡತಿಗೆ ಬಿಡಿಸಿ ಹೇಳಿದರು.

“ರೀ, ಲೆಕ್ಕದಲ್ಲಿ ನೀವು ಪಾಸಾಗಿದ್ರಿ ತಾನೆ?” ಎಂದರು ಹೆಂಡತಿ.

“ಆಗಿದ್ದೆ.”

“ಎಷ್ಟನೇ ಸಲ?”

ಇಂಥ ಸೂಕ್ಷ್ಮ ಕೆಲಸಕ್ಕೆ ಮನೆಯಲ್ಲಿ ಮೌನ ಇರಬೇಕು ಎಂದು ತಕ್ಕಡಿಯವರು ತಿಳಿಸಿದರು.

ಬೀದಿಯಲ್ಲಿ ಅಷ್ಟು ಹೊತ್ತಿಗೆ ಮದುವೆಮನೆಯ ಗಡಿಬಿಡಿ. ಇಸ್ತ್ರಿಯವನು ಕೆಂಡದ ಪೆಟ್ಟಿಗೆ ಬದಿಗಿಟ್ಟು ಟೇಪು ಹಿಡಿಯಲು ಬಂದ. ಚಿಮಣಿಯ ಬುಡದಿಂದ ಸರಿಯಾಗಿ ಮೂವತ್ತು ಅಡಿ ಅಳೆದಾಗ ತಕ್ಕಡಿಯವರು ನಿಲ್ಲಬೇಕಾದ ಜಾಗ ನಡುರಸ್ತೆಯಲ್ಲಿ ಬಂತು. ವಿಜ್ಞಾನ ರಸ್ತೆಯ ನಿಯಮ ಕೇಳುವುದಿಲ್ಲ. ಅವರು ಅಲ್ಲೇ ನಿಂತು, ಒಂದು ಕಣ್ಣು ಮುಚ್ಚಿ, ಸ್ಟ್ರಾ ಎತ್ತಿದರು. ಸೈಕಲ್ಲಿನವರು ಇಳಿದು ನಿಂತರು. ಗಾಡಿಯವರು ಹಾರ್ನ್ ಒತ್ತದೆ ಕಾದರು. ಮೂಲೆಮನೆ ಅಜ್ಜಿ ಕೊಡೆ ತಂದು, ಬಿಸಿಲು ತಗಲದಂತೆ ತಕ್ಕಡಿಯವರ ತಲೆಯ ಮೇಲೆ ಹಿಡಿದರು. ಅಜ್ಜಿ ಗಿಡ್ಡ, ತಕ್ಕಡಿಯವರು ಉದ್ದ. ಕೊಡೆಯ ಕಡ್ಡಿಗಳು ಅವರ ಕಿವಿಯನ್ನು ಚುಚ್ಚುತ್ತಿದ್ದವು. ಅವರು ಚುಚ್ಚುತ್ತಿದೆ ಎನ್ನಲಿಲ್ಲ.

“ಏನು ಕಾಣ್ತಾ ಇದೆಯಪ್ಪ?”

“ಕೋನ, ಅಜ್ಜಿ.”

“ಪಾಪ. ಎಷ್ಟು ದಿನದಿಂದ ಇದೆಯೋ, ಯಾರೂ ನೋಡೇ ಇರ್ಲಿಲ್ಲ.”

ಕೋನಮಾಪಕದ ಮೇಲೆ ಅಂಕಿಗಳು ಎರಡು ಸಾಲಾಗಿರುತ್ತವೆ. ಒಂದು ಸಾಲು ಎಡದಿಂದ ಹೊರಡುತ್ತದೆ, ಇನ್ನೊಂದು ಬಲದಿಂದ. ಯಾಕೆ ಹೀಗೆ ಎಂದು ತಕ್ಕಡಿಯವರು ಶಾಲೆಯಲ್ಲಿ ಕೇಳಿರಲಿಲ್ಲ. ಕೇಳಿದ್ದವನೊಬ್ಬ ಬೆಂಚಿನ ಮೇಲೆ ನಿಂತಿದ್ದನ್ನು ಕಣ್ಣಾರೆ ಕಂಡಿದ್ದರು. ಒಳಸಾಲಿನ ಅಂಕಿ ಕನ್ನಡಕವಿಲ್ಲದೆ ಓದಲು ಬರುತ್ತಿತ್ತು, ಆದ್ದರಿಂದ ಅದನ್ನೇ ಓದಿದರು. ಮೂವತ್ತಮೂರು. ಪುಸ್ತಕ ತೆಗೆದು, ಟ್ಯಾನ್ ನೋಡಿ, ಗುಣಿಸಿ, ಅಡಿಗೆರೆ ಎಳೆದರು. ಚಿಮಣಿಯ ಎತ್ತರ ಹತ್ತೊಂಬತ್ತೂವರೆ ಅಡಿ.

ಅವರು ತಲೆಯೆತ್ತಿ ಚಿಮಣಿ ನೋಡಿದರು, ತಗ್ಗಿಸಿ ಕಾಗದ ನೋಡಿದರು. ಮತ್ತೊಮ್ಮೆ ಗುಣಿಸಿದರು. ಗುಣಾಕಾರ ಸರಿಯಾಗಿತ್ತು. ಗುಣಾಕಾರ ಸರಿ ಬಂದಾಗ ಮನುಷ್ಯನಿಗೆ ಬರುವಷ್ಟು ಧೈರ್ಯ ಬೇರೆ ಯಾವಾಗಲೂ ಬರುವುದಿಲ್ಲ.

ತನ್ನ ಅಂಗಡಿಯ ಮೇಲಿನ ಮಹಡಿಯೇ ಇಪ್ಪತ್ತು ಅಡಿ ದಾಟುತ್ತದಲ್ಲ, ಚಿಮಣಿ ಅದಕ್ಕಿಂತ ಎಷ್ಟೋ ಮೇಲೆ ಕಾಣುತ್ತದಲ್ಲ ಎಂದು ಇಸ್ತ್ರಿಯವನು ಮೆಲ್ಲಗೆ ಕೇಳಿದ.

“ಕಣ್ಣು ಮೋಸ ಮಾಡುತ್ತಪ್ಪ,” ಎಂದರು ತಕ್ಕಡಿಯವರು. “ಕೋನ ಮಾಡಲ್ಲ.”

ಸಹಿ ಹಾಕಿದ ಆ ಕಾಗದವನ್ನು ಇನ್ಸ್‌ಪೆಕ್ಟರು ಓದಿದರು. ಕತ್ತು ಹಿಂದಕ್ಕೆ ವಾಲಿಸಿ ಚಿಮಣಿಯ ತುದಿ ನೋಡಲು ಹೋಗಿ ಟೋಪಿ ಬೀಳಿಸಿಕೊಂಡರು. ಟೋಪಿ ಎತ್ತಿಕೊಳ್ಳುತ್ತ, ಎತ್ತರವಿರುವುದು ತಮಗೂ ಕಾಣುತ್ತದೆ, ಆದರೆ ತಮ್ಮ ಕಣ್ಣಿಗೆ ಸಹಿ ಹಾಕಲು ಬರುವುದಿಲ್ಲ, ಕಾಗದದ ಮೇಲೆ ಸಹಿ ಇದೆ ಎಂದು ದುಃಖದಿಂದ ಹೇಳಿದರು.

ಇಷ್ಟರಲ್ಲಿ ಇನ್ನೊಂದು ತಕರಾರು ಎದ್ದಿತು. ಬೇಕರಿಗೆ ಅಂಟಿದ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಹಾರ್ಮೋನಿಯಂ ರಿಪೇರಿಯವರು ಕಿಟಕಿಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಅವರು ಕೆಳಗಿಳಿದು ಬಂದು ಮನೆ ಮಾಲೀಕರನ್ನು ಹಿಡಿದುಕೊಂಡರು. ಚಿಮಣಿ ಹತ್ತೊಂಬತ್ತೂವರೆ ಅಡಿ ಎಂದ ಮೇಲೆ ಅದರ ಅರ್ಧಕ್ಕೂ ಬಾರದ ತಮ್ಮ ಕಿಟಕಿ ಒಂಬತ್ತು ಅಡಿಯಲ್ಲಿದೆ. ಅಂದರೆ ತಾವು ಇಷ್ಟು ವರ್ಷ ಇದ್ದದ್ದು ನೆಲಮಹಡಿಯಲ್ಲೇ. ಮಹಡಿಯ ಗಾಳಿಬೆಳಕಿಗೆಂದು ಕೊಟ್ಟ ಹೆಚ್ಚಿನ ಬಾಡಿಗೆಯ ಗತಿಯೇನು? ಮಾಲೀಕರು ಸೋಲುವವರಲ್ಲ. ನೆಲಮಹಡಿಯಲ್ಲಿ ಇರುವವರು ತಮ್ಮ ಮೆಟ್ಟಿಲು ಯಾಕೆ ತುಳಿಯುತ್ತೀರಿ, ನಾಳೆಯಿಂದ ಮೆಟ್ಟಿಲು ಬಳಸದೆ ಮನೆಗೆ ಹೋಗಿ ತೋರಿಸಿ ಎಂದರು. ಮಾಲೀಕರ ಹೆಂಡತಿ ಇಬ್ಬರಿಗೂ ಚಹಾ ತಂದುಕೊಟ್ಟರು. ಕುಡಿಯುವಷ್ಟು ಹೊತ್ತು ಜಗಳ ನಿಂತು, ಲೋಟ ಇಟ್ಟ ಮೇಲೆ ಬಿಟ್ಟಲ್ಲಿಂದ ಮುಂದುವರಿಯಿತು.

ಅಕ್ಕನ ಮುಖ ಮಾತ್ರ ಹಿಟ್ಟಿನಷ್ಟೇ ಬಿಳುಪಾಗಿತ್ತು. ಅದನ್ನು ನೋಡಲಾರದೆ ತಕ್ಕಡಿಯವರು ಇನ್ನೊಂದು ಅವಕಾಶ ಕೇಳಿದರು. ಕೋನಮಾಪಕದಲ್ಲಿ ಎರಡನೇ ಸಾಲೂ ಇದೆ, ಬಹುಶಃ ಸರಿಯಾದದ್ದು ಅದೇ ಇರಬೇಕು ಎಂದರು. ಮತ್ತೆ ನಡುರಸ್ತೆ, ಮತ್ತೆ ಕೊಡೆ, ಮತ್ತೆ ಒಂದು ಕಣ್ಣು. ಈ ಸಲ ಕನ್ನಡಕ ಹಾಕಿ ಹೊರಸಾಲು ಓದಿದರು. ನೂರಾ ನಲವತ್ತೇಳು. ಅಂಕಿ ದೊಡ್ಡದಿರುವುದು ಕಂಡು ಬೀದಿಯೆಲ್ಲ ಗೆಲುವಾಯಿತು. ಇಸ್ತ್ರಿಯವನು ಚಪ್ಪಾಳೆ ತಟ್ಟಿದ.

ಆದರೆ ಅಷ್ಟು ದೊಡ್ಡ ಕೋನದ ಬೆಲೆ ಪುಸ್ತಕದ ಪಟ್ಟಿಯಲ್ಲಿರಲಿಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ, ಇಂಥ ಕೋನವನ್ನು ನೂರಾ ಎಂಬತ್ತರಿಂದ ಕಳೆದು, ಉತ್ತರಕ್ಕೆ ಮುಂದೊಂದು ಋಣ ಚಿಹ್ನೆ ಹಾಕಬೇಕು ಎಂದಿತ್ತು. ಪುಸ್ತಕ ಹೇಳಿದಂತೆ ತಕ್ಕಡಿಯವರು ಹಾಕಿದರು.

ಇನ್ಸ್‌ಪೆಕ್ಟರು ಕಾಗದವನ್ನು ದೂರ ಹಿಡಿದು ನೋಡಿದರು. “ಹತ್ತೊಂಬತ್ತೂವರೆಯ ಮುಂದೆ ಏನೋ ಗೀರು ಬಿದ್ದಿದೆ.”

“ಗೀರಲ್ಲ ಸಾರ್. ಮೈನಸ್ಸು.”

“ಮೈನಸ್ಸು ಅಂದ್ರೆ?”

“ಅಂದ್ರೆ… ಕೆಳಗೆ.”

“ಯಾವುದರ ಕೆಳಗೆ?”

ತಕ್ಕಡಿಯವರು ಅತ್ತಿತ್ತ ನೋಡಿದರು. “ನೆಲದ ಕೆಳಗೆ, ಸಾರ್.”

ಹಾರ್ಮೋನಿಯಂ ರಿಪೇರಿಯವರು ಬಗ್ಗಿ ನೆಲಕ್ಕೆ ಕಿವಿ ಕೊಟ್ಟರು. ಮಾಲೀಕರು ತಮ್ಮ ಮನೆಯ ಪಾಯ ನೆನೆದು ಎದೆ ಹಿಡಿದುಕೊಂಡರು. ಮೂಲೆಮನೆ ಅಜ್ಜಿಗೆ ಮಾತ್ರ ಬಹುದಿನದ ಒಗಟು ಬಿಡಿಸಿದ ಹಾಗಾಯಿತು.

“ಅದಕ್ಕೇ ನೋಡು,” ಎಂದರು ಅವರು, “ನಮ್ಮನೆ ನೆಲ ಯಾವಾಗ್ಲೂ ಬೆಚ್ಚಗಿರೋದು.”

ಇನ್ಸ್‌ಪೆಕ್ಟರ ಸಂಕಟ ಹೇಳತೀರದು. ನೆಲದ ಮೇಲಿನ ಚಿಮಣಿ ಅವರದು, ನೆಲದ ಕೆಳಗಿನದು ಚರಂಡಿ ವಿಭಾಗದ್ದು. ಅಗೆದು ಕಟ್ಟಲು ಅನುಮತಿ ಪಡೆದಂತೆ ಎಲ್ಲೂ ಕಾಣುತ್ತಿರಲಿಲ್ಲ. ಹೇಗೇ ಆದರೂ ನಲವತ್ತೈದಕ್ಕಿಂತ ಕಡಿಮೆಯೆಂಬುದು ಖಚಿತ. ಅವರು ಅರಗು ಕರಗಿಸಿದರು. ಅರಗು ಕರಗಿಸಲು ಬೆಂಕಿ ಬೇಕಿತ್ತು. ಅದನ್ನೂ ಅಕ್ಕನೇ ಭಟ್ಟಿಯಿಂದ ತೆಗೆದುಕೊಟ್ಟಳು.

ಭಟ್ಟಿ ಆರಿತು. ಬೀಗ ಬಿತ್ತು. ನಾದಿಟ್ಟ ಹಿಟ್ಟನ್ನು ಅಕ್ಕ ಪಾತ್ರೆ ಪಾತ್ರೆಯಾಗಿ ಬೀದಿಯ ಮನೆಗಳಿಗೆ ಹಂಚಿದಳು, ಹಾಳಾಗಬಾರದಲ್ಲ ಎಂದು. ಕೊನೆಗೆ ಉಳಿದ ಒಂದು ಬನ್ನನ್ನು ತಕ್ಕಡಿಯವರ ಕೈಗಿಟ್ಟಳು.

“ಬಿಡಿ ಅಣ್ಣ. ನಮ್ಮನೇದೇ ಅನ್ನೋ ಹಾಗೆ ಬಿಸಿಲಲ್ಲಿ ನಿಂತ್ರಲ್ಲ, ಅಷ್ಟು ಸಾಕು.”

ಬೈದಿದ್ದರೆ ತಕ್ಕಡಿಯವರು ಊಟ ಮಾಡಿ ಮಲಗುತ್ತಿದ್ದರು. ಬೈಯದೆ ಹೋದದ್ದರಿಂದ ರಾತ್ರಿಯಿಡೀ ಆ ಬನ್ನನ್ನು ಮುಂದಿಟ್ಟುಕೊಂಡು ಕೂತರು.

ಮರುದಿನ ಭಾನುವಾರ. ಬೆಳಿಗ್ಗೆ ಇನ್ಸ್‌ಪೆಕ್ಟರು ಅಭ್ಯಾಸಬಲದಿಂದ ರಸ್ಕಿಗೆ ಬಂದು, ತಾವೇ ಹಾಕಿದ ಸೀಲಿನ ಮುಂದೆ ಚೀಲ ಹಿಡಿದು ನಿಂತಿದ್ದರು. ಅವರು ತಲೆ ಎತ್ತಿ ನೋಡುವ ಹೊತ್ತಿಗೆ ತಕ್ಕಡಿಯವರು ಮಸಿ ತೆಗೆಯುವವರು ಹತ್ತಲೆಂದು ಚಿಮಣಿಗೆ ಹಿಂದೆಯೇ ಹೊಡೆದಿದ್ದ ಕಬ್ಬಿಣದ ಕಂಬಿಗಳನ್ನು ಹಿಡಿದು ಅರ್ಧ ಏರಿಯಾಗಿತ್ತು. ಉಪಾಯ ಸರಳವಾಗಿತ್ತು. ತುದಿಗೆ ಹೋಗಿ ಟೇಪು ಇಳಿಬಿಡುವುದು, ಬುಡದಲ್ಲಿ ಇಸ್ತ್ರಿಯವನು ಅದರ ಕೊನೆ ಹಿಡಿದು ಅಂಕಿ ಓದುವುದು. ಕೋನ ಬೇಡ, ಟ್ಯಾನ್ ಬೇಡ. ಹತ್ತಕೂಡದು ಎಂದು ಇನ್ಸ್‌ಪೆಕ್ಟರು ಕೂಗಿದರು. ಕೂಗಿದ ಮೇಲೆ, ಇಳಿಯುವುದು ಹತ್ತುವುದಕ್ಕಿಂತ ಅಪಾಯವಾದ್ದರಿಂದ ಈಗ ಹತ್ತಿಬಿಡುವುದೇ ವಾಸಿಯೋ ಏನೋ ಎಂದೂ ಕೂಗಿದರು.

ತಕ್ಕಡಿಯವರು ತುದಿ ಮುಟ್ಟಿ, ಚಿಮಣಿಯ ಅಂಚಿನ ಮೇಲೆ ಕುದುರೆ ಏರಿದ ಹಾಗೆ ಕಾಲು ಇಳಿಬಿಟ್ಟು ಕೂತು, ಟೇಪಿಗಾಗಿ ಜೇಬಿಗೆ ಕೈ ಹಾಕಿದರು. ಟೇಪು ಇರಲಿಲ್ಲ. ಬುಡದಲ್ಲಿ ಹಿಡಿಯಬೇಕಾದ್ದು ಒಂದು ಕೊನೆ ಮಾತ್ರ. ಇಸ್ತ್ರಿಯವನು ನಿಷ್ಠೆಯಿಂದ ಇಡೀ ಟೇಪನ್ನೇ ಹಿಡಿದುಕೊಂಡು ಮೇಲೆ ನೋಡುತ್ತ ನಿಂತಿದ್ದ. ಅವನನ್ನು ನೋಡಲೆಂದು ತಕ್ಕಡಿಯವರು ಮೊದಲ ಸಲ ಕೆಳಗೆ ನೋಡಿದರು. ನೋಡಿದವರು ಎರಡೂ ಕೈಯಿಂದ ಚಿಮಣಿಯನ್ನು ತಬ್ಬಿಕೊಂಡರು.

ಓಡಿ ಬಂದ ಹೆಂಡತಿ ಕೂಗಿ ಹೇಳಿದರು. “ರೀ, ಕೆಳಗೆ ನೋಡ್ಬೇಡಿ. ನನ್ನನ್ನ ನೋಡಿ.”

“ನೀನೂ ಕೆಳಗೇ ಇದೀಯಲ್ಲೇ!”

ಇಳಿಯುವ ಮಾತಿಗೆ ಅವರ ಕಾಲುಗಳು ಒಪ್ಪಲಿಲ್ಲ. ಬೀದಿಯ ಜನ ಸುಮ್ಮನೆ ಕೂರಲಿಲ್ಲ. ಮನೆಮನೆಯಿಂದ ಹಾಸಿಗೆಗಳು ಹೊರಬಂದವು. ಬಾಡಿಗೆ ಜಗಳದಲ್ಲಿ ಮಾತು ಬಿಟ್ಟಿದ್ದ ಮಾಲೀಕರೂ ಹಾರ್ಮೋನಿಯಂ ರಿಪೇರಿಯವರೂ ಒಂದೇ ಹಾಸಿಗೆಯ ಎರಡು ತುದಿ ಹಿಡಿದು, ಮಾತಾಡದೆಯೇ, ಅದೇ ಮೆಟ್ಟಿಲಿಳಿದು ಬಂದರು. ಚಿಮಣಿಯ ಸುತ್ತ ಹಾಸಿಗೆಯ ಮೇಲೆ ಹಾಸಿಗೆ. ಅಜ್ಜಿ ತಮ್ಮ ಒಂದೇ ದಿಂಬನ್ನು ತಂದು, ತಲೆ ಎಲ್ಲಿ ಬೀಳಬಹುದೆಂದು ಅಂದಾಜು ಮಾಡಿ, ಅಲ್ಲಿಟ್ಟರು.

ಮೇಲೆ ತಕ್ಕಡಿಯವರು ಕೆಳಗೆ ನೋಡದಿರಲು ಏನಾದರೂ ಮಾಡಬೇಕಿತ್ತು. ಅಂಗಿಯ ಜೇಬಿನಲ್ಲಿ ಕೋನಮಾಪಕವಿತ್ತು. ಅದನ್ನು ಕಣ್ಣಿಗೆ ಹಿಡಿದು ನೆಟ್ಟಗೆ ದೂರದ ಬಯಲಿನತ್ತ ನೋಡಿದರು. ಮೇಲೂ ಇಲ್ಲ, ಕೆಳಗೂ ಇಲ್ಲ, ನೇರ ನೋಟ. ನೇರ ನೋಟಕ್ಕೆ ಉನ್ನತ ಕೋನ ಸೊನ್ನೆ ಇರಬೇಕು. ದಾರ ತೊಂಬತ್ತರ ಮೇಲೆ ತೂಗುತ್ತಿತ್ತು.

ಅವರಿಗೆ ಎಲ್ಲ ಹೊಳೆಯಿತು. ದಾರ ತೋರಿಸುವ ಅಂಕಿ ಕೋನವಲ್ಲ. ಅದನ್ನು ತೊಂಬತ್ತರಿಂದ ಕಳೆದರೆ ಸಿಗುವುದು ಕೋನ. ಇಷ್ಟು ದೊಡ್ಡ ಸತ್ಯ ಇಷ್ಟು ಎತ್ತರದಲ್ಲಿ ಹೊಳೆದಾಗ ಯಾರೂ ಸುಮ್ಮನಿರಲಾರರು.

“ತೊಂಬತ್ತು,” ಎಂದು ಅವರು ಅಳುತ್ತ ನಗುತ್ತ ಕೂಗಿದರು. “ತೊಂಬತ್ತು ಕಣ್ರಪ್ಪೋ.”

ಕೆಳಗಿದ್ದವರು ಮುಖ ಮುಖ ನೋಡಿಕೊಂಡರು. ನಿನ್ನೆ ಹತ್ತೊಂಬತ್ತೂವರೆ, ಆಮೇಲೆ ನೆಲದೊಳಗೆ, ಈಗ ತೊಂಬತ್ತು ಅಡಿ. ಮೇಲೆ ಕೂತವರೇ ಹೇಳುವಾಗ ಇಲ್ಲವೆನ್ನುವುದು ಹೇಗೆ? ಮಾಲೀಕರು ಅಗ್ನಿಶಾಮಕ ಠಾಣೆಗೆ ಫೋನು ಮಾಡಿ, ತೊಂಬತ್ತು ಅಡಿ ಚಿಮಣಿಯ ಮೇಲೆ ಮನುಷ್ಯನೊಬ್ಬ ಬುದ್ಧಿ ಕಳೆದುಕೊಳ್ಳುತ್ತ ಕೂತಿದ್ದಾನೆ ಎಂದು ತಿಳಿಸಿದರು. ಹಾಗಾಗಿ ಮಾಮೂಲಿ ಬಿದಿರೇಣಿಯ ಬದಲು ಠಾಣೆಯ ಅತಿ ದೊಡ್ಡ ಗಾಡಿ ಬಂತು. ಗುಂಡಿ ಒತ್ತಿದರೆ ತಾನಾಗಿ ಬೆಳೆಯುವ ಏಣಿ. ಅದರ ಬುಡದಲ್ಲಿ ಗಡಿಯಾರದಂಥ ಒಂದು ಮುಖ. ಏಣಿ ಎಷ್ಟು ಉದ್ದ ಹೋಯಿತು, ಎಷ್ಟು ವಾಲಿತು, ತುದಿ ನೆಲದಿಂದ ಎಷ್ಟು ಮೇಲಿದೆ ಎಂಬುದನ್ನು ಮುಳ್ಳುಗಳು ತೋರಿಸುತ್ತಿದ್ದವು.

ಏಣಿ ಬೆಳೆಯಿತು. ತುದಿ ಚಿಮಣಿಯ ಅಂಚಿಗೆ ತಾಗಿದಾಗ ಎತ್ತರದ ಮುಳ್ಳು ಐವತ್ತೊಂದು ಅಡಿಗೆ ಬಂದು ನಿಂತಿತು. ಇಬ್ಬರು ಹತ್ತಿ, ಚಿಮಣಿಯಿಂದ ತಕ್ಕಡಿಯವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಮಗುವಿನಂತೆ ಇಳಿಸಿ ತಂದು ಹಾಸಿಗೆಯ ಮೇಲೆ ಮಲಗಿಸಿದರು. ಅಗ್ನಿಶಾಮಕದ ಅಧಿಕಾರಿ ತಮ್ಮ ವರದಿಯಲ್ಲಿ, ಐವತ್ತೊಂದು ಅಡಿ ಎತ್ತರದಿಂದ ಒಬ್ಬ ಗೃಹಸ್ಥನನ್ನು ಇಳಿಸಲಾಯಿತು ಎಂದು ಬರೆದರು.

ಅವರ ಭುಜದ ಹಿಂದೆ ನಿಂತು ಇನ್ಸ್‌ಪೆಕ್ಟರು ವರದಿಯನ್ನು ಇಣುಕಿ ಓದುತ್ತಿದ್ದರು. ಈ ಏಣಿಯ ಅಳತೆ ಸರ್ಕಾರದ್ದೇ ಎಂದು ಕೇಳಿದರು. ಹೌದೆಂದು ಉತ್ತರ ಬಂತು. ಅದಕ್ಕೆ ಸೀಲಿದೆಯೇ ಎಂದು ಕೇಳಿದರು. ವರ್ಷ ವರ್ಷವೂ ಹೊಡೆಯುತ್ತಾರೆ ಎಂದರು. ಇನ್ಸ್‌ಪೆಕ್ಟರ ಕಣ್ಣಲ್ಲಿ ನೀರಾಡಿತು. ಆದರೂ ನಿಯಮದ ಮನುಷ್ಯ, ಒಂದು ಸಂಶಯ ಉಳಿಯಿತು. ವರದಿಯಲ್ಲಿರುವುದು ಮನುಷ್ಯ ಇದ್ದ ಎತ್ತರವಲ್ಲವೇ? ಚಿಮಣಿಯ ಎತ್ತರ ಎಂದು ಎಲ್ಲಿದೆ?

ಅಧಿಕಾರಿ ಪೆನ್ನು ಮುಚ್ಚಿದರು. “ಅವರು ಚಿಮಣಿ ಮೇಲೆ ಕೂತಿದ್ರು ಸ್ವಾಮಿ. ಚಿಮಣಿ ಅವರ ಮೇಲೆ ಕೂತಿರ್ಲಿಲ್ಲ.”

ಹಾಗೆಂದು ಕೂತವರೇ ಬರೆದುಕೊಟ್ಟರೆ ಸಾಕು ಎಂದು ಇನ್ಸ್‌ಪೆಕ್ಟರು ಒಪ್ಪಿದರು. ‘ನಾನು ಚಿಮಣಿಯ ಮೇಲೆಯೇ ಕೂತಿದ್ದೆ’ ಎಂದು ತಕ್ಕಡಿಯವರು ಮಲಗಿದಲ್ಲಿಂದಲೇ ಬರೆದು ಸಹಿ ಹಾಕಿದರು. ಅವರು ಪೂರ್ತಿ ತಿಳಿದು ಹಾಕಿದ ಸಹಿ ಅದೊಂದೇ ಇರಬೇಕು. ಆಮೇಲೆ ಅದೇ ಪೆನ್ನಿನಿಂದ ಅಂಗೈಯ ಮೇಲೆ ಏನೋ ಗುಣಿಸಿ, ಹೆಂಡತಿಯನ್ನು ಹತ್ತಿರ ಕರೆದರು. ತೊಂಬತ್ತರಲ್ಲಿ ಮೂವತ್ತಮೂರು ಕಳೆದರೆ ಐವತ್ತೇಳು, ಅದರ ಟ್ಯಾನ್ ಹಿಡಿದು, ನಿಂತವನ ಕಣ್ಣಿನ ಎತ್ತರ ಕೂಡಿಸಿದರೆ ತಮಗೂ ಸರಿಯಾಗಿ ಐವತ್ತೊಂದೇ ಬರುತ್ತದೆ ಎಂದು ಪಿಸುಗುಟ್ಟಿದರು.

“ಮೆಲ್ಲಗೆ ಹೇಳಿ,” ಎಂದರು ಹೆಂಡತಿ, ಅವರ ಹಣೆಯ ಮಸಿ ಸೆರಗಿನಿಂದ ಒರೆಸುತ್ತ. “ಇನ್ಸ್‌ಪೆಕ್ಟರಿಗೆ ಕೇಳಿಸಿದ್ರೆ ಮತ್ತೆ ಬೀಗ ಹಾಕ್ತಾರೆ.”

ಸೀಲು ಒಡೆಯಿತು. ಅಕ್ಕ ಸೌದೆ ಒಟ್ಟಿ ಬೆಂಕಿ ಹಾಕಿದಳು. ಇನ್ಸ್‌ಪೆಕ್ಟರಿಗೆ ಡಬ್ಬಿಯಲ್ಲಿದ್ದ ರಸ್ಕು ಸಿಕ್ಕಿತು. ಹಾಸಿಗೆಗಳನ್ನು ಸುತ್ತಿಕೊಂಡು ಹೊರಟಿದ್ದವರೆಲ್ಲ ಅಲ್ಲಲ್ಲೇ ನಿಂತು ತಲೆ ಎತ್ತಿದರು. ಚಿಮಣಿಯ ಬಾಯಿಂದ ಮೊದಲು ಒಂದು ಎಳೆ, ಆಮೇಲೆ ದಪ್ಪನೆಯ ಹೊಗೆ ಹೊರಟು ಗಾಳಿಯಿಲ್ಲದ ಆಕಾಶದಲ್ಲಿ ನೆಟ್ಟಗೆ ಏರತೊಡಗಿತು.

ಅಜ್ಜಿ ಹಣೆಗೆ ಕೈ ಅಡ್ಡ ಹಿಡಿದು ನೋಡಿ, ಓದಿದವರು ಪಕ್ಕದಲ್ಲೇ ಇದ್ದಾರಲ್ಲ ಎಂದು ಕೇಳಿಬಿಟ್ಟರು. “ಆ ಹೊಗೆ ಎಷ್ಟು ಎತ್ತರಕ್ಕೆ ಹೋಗುತ್ತಪ್ಪ?”

ಮಾಲೀಕರು ಹಾರ್ಮೋನಿಯಂ ರಿಪೇರಿಯವರ ತೋಳು ಹಿಡಿದುಕೊಂಡರು. ಗಾಡಿ ಹತ್ತುತ್ತಿದ್ದ ಅಗ್ನಿಶಾಮಕದವರು ಒಂದು ಕಾಲು ಮೇಲಿಟ್ಟವರು ಹಾಗೇ ನಿಂತರು. ತಕ್ಕಡಿಯವರ ಕೈ ಅಂಗಿಯ ಜೇಬಿನತ್ತ ಹೋಯಿತು. ಹೆಂಡತಿ ಕೆಮ್ಮಿದರು. ಕೈ ಹಿಂದಕ್ಕೆ ಬಂತು. ಅವರು ಎರಡೂ ಕಣ್ಣು ತೆರೆದು, ಕತ್ತು ವಾಲಿಸಿ, ಹೊಗೆಯ ತುದಿಯನ್ನು ಬಹಳ ಹೊತ್ತು ನೋಡಿದರು.

“ತುಂಬಾ ಎತ್ತರಕ್ಕೆ, ಅಜ್ಜಿ.”

ಇನ್ಸ್‌ಪೆಕ್ಟರು ರಸ್ಕನ್ನು ಹಲ್ಲಲ್ಲಿ ಕಚ್ಚಿ ಹಿಡಿದು, ಪೆನ್ನು ತೆಗೆದು, ಅದನ್ನೂ ಬರೆದುಕೊಂಡರು.